ಮೇಡಂ ಕೊರಳಿಗೆ ಬಿದ್ದ ಹಾಡು

ಕಳೆದ ತಿಂಗಳು ತೆಲುಗು ನಾಡಿನ ಮಣಿಕೊಂಡದಲ್ಲಿ ಸಿಮೆಂಟು ಹೊರುವ ಹೆಂಗಸೊಬ್ಬರು ಸಾಫ್ಟ್‌ವೇರ್ ಕಂಪನಿಯ ಎಚ್.ಆರ್. ಮೇಡಂ ಕೊರಳಿಗೆ ಬಿದ್ದು ಗೊಳೋ ಎಂದು ಅತ್ತರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಾನೂ ತಟ್ಟಿದೆ.

(ಈ ಪ್ರಸಂಗವನ್ನು ಈಗಾಗಲೇ ಮೂರ್ನಾಲ್ಕು ಮನೆಗಳಲ್ಲಿ ಹೇಳಿದ್ದೇನೆ. ಪ್ರತಿ ಸಲವೂ ಆಕೆ ಸ್ವಲ್ಪ ಹೆಚ್ಚು ಅಳುತ್ತಾರೆ, ಮೇಡಂ ಸ್ವಲ್ಪ ಹೆಚ್ಚು ಕಂಗಾಲಾಗುತ್ತಾರೆ. ಇನ್ನೆರಡು ಮನೆ ಸುತ್ತಿದರೆ ಒಳ್ಳೆಯ ಏಕಾಂಕವೇ ಆಗಿಬಿಡುತ್ತದೆ. ಕೆಡುವ ಮೊದಲೇ ಬರೆದುಬಿಡುತ್ತಿದ್ದೇನೆ.)

ಕಂಪನಿಯ ಹೊಸ ಗಾಜಿನ ಕಟ್ಟಡದ ಉದ್ಘಾಟನೆ. ಅದಕ್ಕೊಂದು ‘ಮೂಲ ಸಂಸ್ಕೃತಿಯ ಸಂಜೆ’. ಕಾಂಪೌಂಡ್ ಗೋಡೆಯ ಮೇಲೆ ಎರಡಾಳೆತ್ತರದ ಲಂಬಾಣಿ ಹೆಣ್ಣಿನ ಚಿತ್ರ: ಕನ್ನಡಿ ಹೊಲಿದ ಲಂಗ, ಕೈತುಂಬ ಬಳೆ, ತಲೆಯ ಮೇಲೆ ತುಳುಕುವ ಕೊಡ. ಗೋಡೆಯ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ ಕಡೆಯ ತಾಂಡಾಗಳ ನಿಜವಾದ ಲಂಬಾಣಿಗಳು. ಈ ಕಟ್ಟಡ ಕಟ್ಟಿದವರೂ ಅವರೇ. ಅವರಿಂದಲೇ ಒಂದು ಹಾಡು ಹೇಳಿಸಿದರೆ ಹೇಗೆ ಎಂದು ಮೇಡಂಗೆ ಹೊಳೆಯಿತು. ನಾಟಕ ಮಾಡುವವನು, ಮೇಲಾಗಿ ಕನ್ನಡ ಬರುತ್ತದೆ ಎಂದು ನನ್ನನ್ನು ಕರೆಸಿದರು.

ಇಂಥ ಕರೆ ಬಂದಾಗಲೆಲ್ಲ ನನಗೆ ಅನುಮಾನ. ಗಾಜಿನ ಕಟ್ಟಡಕ್ಕೆ ಇದ್ದಕ್ಕಿದ್ದಂತೆ ಬೇರು ಯಾಕೆ ಬೇಕಾಗುತ್ತದೆ? ಹೋದೆ, ಅನುಮಾನವನ್ನು ಜೇಬಿನಲ್ಲಿಟ್ಟುಕೊಂಡೇ.

ಲಂಬಾಣಿ ಹೆಂಗಸರು ಬಹಳ ದಿನದ ಮೇಲೆ ನಂಟರನ್ನು ಕಂಡರೆ ಕೊರಳು ಹಿಡಿದು, ರಾಗವಾಗಿ ಅಳುತ್ತಾ ಸುದ್ದಿ ಹೇಳುತ್ತಾರೆ. ಯಾರು ಸತ್ತರು, ಯಾರು ಹೆತ್ತರು, ಯಾವ ಬಾವಿ ಬತ್ತಿತು ಎಲ್ಲವೂ ಆ ಅಳುವಿನಲ್ಲೇ. ಮೇಡಂಗೆ ಅದೇ ಬೇಕಂತೆ. ನಾನು ಸಿಮೆಂಟು ಹೊರುವ ಸೀತಾಬಾಯಿಯನ್ನೂ ಅವರ ಗೆಳತಿ ಶಾಂತಾಬಾಯಿಯನ್ನೂ ನಿಲ್ಲಿಸಿಕೊಂಡು ರಿಹರ್ಸಲ್ ಶುರುಮಾಡಿದೆ.

“ಹಾಂ, ಇಬ್ಬರೂ ತಬ್ಬಿಕೊಂಡು ಅಳಿ.”

ಸೀತಾಬಾಯಿ ಸೊಂಟಕ್ಕೆ ಕೈಕೊಟ್ಟರು. “ಮುಂಜಾನಿ ಇಬ್ಬರೂ ಕೂಡೇ ರೊಟ್ಟಿ ತಿಂದೀವ್ರಿ ಸರ. ಈಕಿ ಮುಂದ ಏನಂತ ಅಳ್ಲಿ? ಎಲ್ಲಾ ಸುದ್ದಿ ಈಕಿಗೆ ಗೊತ್ತೇ ಐತಿ.”

“ಹಂಗಾದ್ರ ಒಬ್ರೇ ಹಾಡ್ರಿ.”

“ಗಾಳಿ ಹಿಡ್ಕೊಂಡು ಅಳ್ಲೇನ್ರಿ?”

ಶಾಂತಾಬಾಯಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು.

ಕಂಪನಿಯವರು ಬರೆಸಿದ ನಿರೂಪಣೆಯನ್ನು ಓದಿ ಹೇಳಿದೆ. ‘ಕಾಡಿನ ನೆನಪಿನ ಹಾಡು’ ಎಂದಿತ್ತು. “ಯಾವ ಕಾಡ್ರಿ? ನಮ್ಮ ತಾಂಡಾದಾಗ ನಾಕು ಜಾಲಿಗಿಡ ಅದಾವ,” ಅಂದರು ಸೀತಾಬಾಯಿ. ತೊಡಲು ಬಂದದ್ದು ಮದುವೆ ಸಂಗೀತಕ್ಕೆ ಬಾಡಿಗೆ ಕೊಡುವ ರಾಜಸ್ಥಾನಿ ಲಂಗ. ಕೆಲಸಕ್ಕೆ ಸೀರೆಯ ಮೇಲೆ ಗಂಡನ ಶರ್ಟು ತೊಡುವವರು ಅದನ್ನು ಎತ್ತಿ ನೋಡಿ ಪಕ್ಕಕ್ಕಿಟ್ಟರು.

ನನಗೆ ಸಿಟ್ಟು ಬಂತು. “ಒಲ್ಲೆ ಅಂದುಬಿಡ್ರಿ. ನಾ ಹೇಳ್ತೀನಿ ಅವರಿಗೆ. ಯಾರೂ ಜಬರ್‌ದಸ್ತಿ ಮಾಡಂಗಿಲ್ಲ.”

ಆಗ ಸೀತಾಬಾಯಿ ನನ್ನನ್ನು ನೋಡಿದ ರೀತಿ! ಅನುಮಾನ ನನ್ನೊಬ್ಬನ ಸೊತ್ತು ಅಂದುಕೊಂಡಿದ್ದೆ.

“ನಿಮಗ್ಯಾಕ್ರಿ ಅಡ್ಡಿ? ಆ ಮೇಡಂ ಬರ್ತಾಳಿಲ್ಲೋ? ಮುಂದಿನ ಕುರ್ಚಿಗೇ ಕುಂಡ್ರತಾಳಿಲ್ಲೋ? ಅಷ್ಟು ಹೇಳ್ರಿ ಸಾಕು.”

ಬರ್ತಾರೆ ಅಂದೆ. ಯಾಕೆ ಎಂದು ಕೇಳಲಿಲ್ಲ. ನಾಟಕದವನಿಗೆ ಅಷ್ಟೂ ಹೊಳೆಯಲಿಲ್ಲ.

ಸಂಜೆ ಸೀತಾಬಾಯಿ ಬಾಡಿಗೆ ಲಂಗದಲ್ಲಿ ವೇದಿಕೆ ಹತ್ತಿದರು. ನಿರೂಪಕಿ ‘ಕಾಡಿನ ನೆನಪು’ ಅನ್ನುತ್ತಿದ್ದಂತೆ ಇನ್ನೊಂದು ಬದಿಯಿಂದ ಇಳಿದರು. ನೇರ ಮುಂದಿನ ಸಾಲಿಗೆ. ಮೇಡಂ ಏಳುವ ಮೊದಲೇ ಕೊರಳು ಹಿಡಿದಾಗಿತ್ತು. ಆಮೇಲೆ ಬಂತು ನೋಡಿ ರಾಗ, ನನಗಾಗಲಿ ಮೇಡಂಗಾಗಲಿ ತಿಳಿಯದ ಲಂಬಾಣಿ ಮಾತಿನಲ್ಲಿ. ಸೆಕ್ಯೂರಿಟಿಯವನು ಹತ್ತಿರ ಬಂದ, ಕ್ಯಾಮೆರಾಗಳನ್ನು ನೋಡಿ ಹಿಂದೆ ಸರಿದ. ಮೇಡಂ ಮೊದಲು ಬೆದರಿದರು, ಆಮೇಲೆ ಬೆನ್ನು ಸವರಿದರು, ಕೊನೆಗೆ ಅವರ ಕಣ್ಣಲ್ಲೂ ನೀರು. ಪಕ್ಕದಲ್ಲಿದ್ದವರ ನೀರಿನ ಬಾಟಲಿ ಇಸಿದುಕೊಂಡು ಕುಡಿಸಿದರು. ಚಪ್ಪಾಳೆ.

“ಏನಂತ ಅತ್ತರು?” ಶಾಂತಾಬಾಯಿಯನ್ನು ಕೇಳಿದೆ.

“ನಳದ ಸುದ್ದಿರಿ.”

ಗೋಡೆಯ ಬುಡದಲ್ಲಿ ಶೆಡ್ಡಿನವರದೊಂದು ನಲ್ಲಿ ಇತ್ತಂತೆ. ತೇವ ಏರಿದರೆ ಬಣ್ಣ ಏಳುತ್ತದೆ, ಲಂಗದ ಕೆಂಪು ಹಾಳಾಗುತ್ತದೆ ಎಂದು ಚಿತ್ರ ಶುರುವಾದ ದಿನವೇ ಬಂದ್ ಮಾಡಿದ್ದಾರೆ. ಅಂದಿನಿಂದ ಹೆಂಗಸರು ಟಿಪ್ಪರುಗಳ ನಡುವೆ ದೊಡ್ಡ ರಸ್ತೆ ದಾಟಿ ನೀರು ತರುತ್ತಾರೆ. ಶಾಂತಾಬಾಯಿಗೆ ಒಂದು ಕ್ಯಾಬು ತಗುಲಿ ಕೊಡ ಹೋಯಿತು, ಮೊಣಕಾಲೂ ಊದಿದೆ. ಹೇಳೋಣವೆಂದರೆ ಮೇಸ್ತ್ರಿ ಕೇಳುವುದಿಲ್ಲ, ಗೇಟಿನವನು ಬಿಡುವುದಿಲ್ಲ. ಮೇಡಂ ಕಾರಿನ ಗಾಜು ಇಳಿಸುವುದಿಲ್ಲ.

“ಅಕ್ಕಾ, ನಿನ್ನ ಗ್ವಾಡಿ ಮ್ಯಾಗಿನಾಕಿ ಕೊಡ ತುಂಬೈತಿ, ನನ್ನ ಕೊಡ ಖಾಲಿ ಐತಿ ಅಂದ್ಲು,” ಅಂದರು ಶಾಂತಾಬಾಯಿ.

“ಅಷ್ಟ ಅಲ್ಲ,” ಸೀತಾಬಾಯಿ ಲಂಗ ಬಿಚ್ಚಿಡುತ್ತಾ ತಿದ್ದಿದರು. “ನಿನ್ನ ಮೈಯಾಗಿನ ಅತ್ತರು ಭಾಳ ಚಂದ ಐತೆವ್ವಾ ಅಂತನೂ ಅಂದೀನಿ.”

ಮೇಡಂ ಹತ್ತಿರ ಹೋಗಿ, ಅದು ಕಾಡಿನ ಹಾಡಲ್ಲ, ನಲ್ಲಿಯದು ಎಂದೆ. “ಓ ಗಾಡ್! ಸೋ ಪವರ್‌ಫುಲ್, ಕದಾ?” ಅಂದರು, ‘ಅಲ್ಲವಾ?’ ಎಂಬಂತೆ ನನ್ನತ್ತ ನೋಡಿ. ತುಸು ತಡೆದು ಯಾರಿಗೋ ತೆಲುಗಿನಲ್ಲಿ ಫೋನು ಮಾಡಿದರು. ಏನು ಹೇಳಿದರೋ ಕೇಳಿಸಲಿಲ್ಲ, ಡಿಜೆ ಶುರುವಾಗಿತ್ತು.

ಮರುದಿನ ನಲ್ಲಿಯಲ್ಲಿ ನೀರು ಬಂತು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕತೆ. ಆದರೆ ಮೇಸ್ತ್ರಿ ಹೇಳುವುದು ಬೇರೆ: ಬಣ್ಣ ಒಣಗಿತು, ಅವತ್ತು ಬಿಡಬೇಕೆಂದು ಮೊದಲೇ ಇತ್ತು, ಅಷ್ಟೆ. ಕಂಪನಿಯ ಪತ್ರಿಕೆಯಲ್ಲಿ ಮೇಡಂ ಮತ್ತು ಸೀತಾಬಾಯಿ ತಬ್ಬಿಕೊಂಡ ಬಣ್ಣದ ಫೋಟೋ. ಕೆಳಗೆ ‘ಕಾಡಿನ ಕಣ್ಣೀರು’. ನಲ್ಲಿಯ ಮಾತಿಲ್ಲ. ಸೀತಾಬಾಯಿಯದು ಇನ್ನೊಂದು: “ಕೊಳ್ಳ ಹಿಡ್ಕೊಂಡು ಅತ್ತಾಕಿಗೆ ಆಕಿ ಕೈಯಾರೆ ನೀರು ಕುಡಿಸ್ಯಾಳ್ರಿ. ಆಮ್ಯಾಲ ನಳದ ನೀರಿಗೆ ಇಲ್ಲ ಅನ್ನಾಕ ಹೆಂಗ ಬರ್ತೈತಿ?”

ಯಾರನ್ನು ನಂಬಲಿ? ಸೀತಾಬಾಯಿಯನ್ನು ನಂಬುವುದೇ ನನಗಿಷ್ಟ. ಹಾಗೆ ಇಷ್ಟವಾಗುವುದರ ಮೇಲೇ ನನಗೆ ಅನುಮಾನ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಸೀತಾಬಾಯಿ ಕೈಬೀಸಿ ನಿಲ್ಲಿಸಿದರು. ಗೋಡೆಯ ಲಂಗ ಬುಡದಲ್ಲಿ ಆಗಲೇ ಬೆಳ್ಳಗೆ ಏಳುತ್ತಿತ್ತು. ಅದರತ್ತ ಅವರು ತಿರುಗಿಯೂ ನೋಡಲಿಲ್ಲ.

“ಸರ, ಮುಂದಿನ ಫಂಕ್ಷನ್ ಯಾವಾಗೈತ್ರಿ? ಹೆಣ್ಣಮಕ್ಕಳ ಸಂಡಾಸಕ್ಕ ಬಾಗಿಲ ಇಲ್ಲ.”

ಒಂದು ನಲ್ಲಿಗೆ ಅಷ್ಟು ಅಳು ಹಿಡಿದರೆ, ಒಂದು ಬಾಗಿಲಿಗೆ ಎಷ್ಟು ಹಿಡಿಯಬಹುದು?