ಮೂರು ಸಲ ‘ಮತ್ತ?’ ಎನ್ನುವ ಕುರ್ಲಾದ ಯಂತ್ರ

ಬೆಳಿಗ್ಗೆ ಆರು ಗಂಟೆ. ಕುರ್ಲಾದ ಈ ಚಾಳಿನಲ್ಲಿ ನಲ್ಲಿಗೆ ನೀರು ಬರುವ ಹೊತ್ತು. ಕೆಳಗೆ ಕೊಡ, ಬಕೆಟ್ಟುಗಳ ಜಗಳ ನಡೆದಿದೆ. ಮೇಲಿನ ಖೋಲಿಯಲ್ಲಿ ಚಂದ್ರಾಮ ಮುಖವನ್ನೂ ತೊಳೆಯದೆ ಮೂಲೆಯ ಕಂಪ್ಯೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕಂಪ್ಯೂಟರ್ ಡಬ್ಬಿಯ ಪಕ್ಕದ ಮುಚ್ಚಳ ತೆಗೆದಿಟ್ಟಿದೆ. ಬಿಸಿಗಾಳಿ ಹೊರಗೆ ನುಗ್ಗುವ ಕಡೆ ಜೋಳದ ರೊಟ್ಟಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ.

“ಅದು ನಮ್ಮ ರಾಚವ್ವನ ಕಾರಭಾರ್ರಿ” ಎಂದು ಹೆಂಡತಿಯ ಕಡೆ ಕೈ ತೋರಿಸಿ ನಗುತ್ತಾರೆ. “ರಾತ್ರೆಲ್ಲಾ ಮಷೀನ್ ಕಲೀತೈತಿ, ರೊಟ್ಟಿ ಖಡಕ್ ಆಗ್ತಾವು. ಒಂದ ಕರೆಂಟಿನಾಗ ಎರಡು ಕೆಲಸ ಆತಿಲ್ರಿ?”

ಮಷೀನ್ ಕಲಿಯುತ್ತಿರುವುದು ಭಾಷೆಯನ್ನು. ಚಂದ್ರಾಮ ಹೊಟ್ಟೆಪಾಡಿಗೆ ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುವವರು. ಮುದ್ದೇಬಿಹಾಳದ ಕಡೆಯಿಂದ ಬಂದು ಕುರ್ಲಾ ಸೇರಿದವರು. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಪೇಟೆಯಿಂದ, ಯಾರೋ ಕಂಪ್ಯೂಟರ್ ಆಟಕ್ಕೆ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡ್ ತಂದು, ವಿಡಿಯೊ ನೋಡಿ ನೋಡಿ ಕಲಿತು, ಪುಟ್ಟದೊಂದು ಭಾಷಾ ಮಾಡೆಲ್ ಕಟ್ಟಿದ್ದಾರೆ. ಒಂದು ಪದ ಆದ ಮೇಲೆ ಯಾವ ಪದ ಬರಬಹುದೆಂದು ಅದು ಊಹಿಸಬೇಕು, ತಪ್ಪಿದರೆ ತಿದ್ದಿಕೊಳ್ಳಬೇಕು. ಲಕ್ಷಾಂತರ ಸಲ ಇದೇ ಉಸಾಬರಿ. ಕೊನೆಗೆ ಮುದ್ದೇಬಿಹಾಳದ ಕನ್ನಡ ಮರಾಠಿಯಾಗುತ್ತದೆ, ಮರಾಠಿ ಕನ್ನಡವಾಗುತ್ತದೆ. ಫೋನಿನೊಳಗೆ ಹಿಡಿಸುವಷ್ಟು ಚಿಕ್ಕದು, ನೆಟ್ ಬೇಕಿಲ್ಲ. ಕರೆಂಟ್ ಹೋದರೆ? ನಾನು ಈ ಪ್ರಶ್ನೆ ಕೇಳಿದ್ದಕ್ಕೆ ಅವರು ಹಳೇ ಬ್ಯಾಟರಿಗಳ ಸಾಲನ್ನು ತೋರಿಸಿ, ಯುಪಿಎಸ್ ಮೇಸ್ತ್ರಿಗೇ ಇದನ್ನು ಕೇಳುತ್ತೀರಲ್ಲ ಎಂಬಂತೆ ನನ್ನನ್ನು ನೋಡಿದರು.

ದೊಡ್ಡ ಕಂಪನಿಗಳ ಅನುವಾದ ಬಿಟ್ಟು ಈ ಕಸರತ್ತು ಯಾಕೆ? ಕಾರಣ ದಾನವ್ವ, ಚಂದ್ರಾಮರ ಅಕ್ಕ. ಗಂಡ ತೀರಿಕೊಂಡ ಮೇಲೆ ಊರು ಬಿಟ್ಟು ತಮ್ಮನ ಮನೆಗೆ ಬಂದವರು. ಅವರ ಮಾತು ಆ ಅನುವಾದಗಳಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಹೋದ ವರ್ಷ ಅವರಿಗೆ ಹೆಂಗಸರ ಕಾಯಿಲೆಯೊಂದು ಶುರುವಾಯಿತು. ಸೊರಗಿ ಅರ್ಧ ಆದರು. ರಾಚವ್ವನ ಮರಾಠಿ ತರಕಾರಿ ಕೊಳ್ಳಲು ಸಾಕು, ಡಾಕ್ಟರ ಮುಂದೆ ಸಾಲದು. ಚಂದ್ರಾಮರ ಮಗಳು ವೈಶಾಲಿಗೆ ಮರಾಠಿ ನೀರು ಕುಡಿದಂತೆ. ಆದರೆ ದಾನವ್ವ ಅವಳ ಜೊತೆ ಹೋಗಲು ಒಪ್ಪಲೇ ಇಲ್ಲ. “ಮದುವಿ ಆಗದ ಹುಡುಗಿ ಮುಂದ, ತಮ್ಮನ ಮುಂದ ಅದನ್ನೆಲ್ಲಾ ಹೇಳಲೇನು? ಸತ್ತರೂ ಹೇಳೂದಿಲ್ಲ” ಎಂದು ಕೂತುಬಿಟ್ಟರು.

“ಹಂಗಾದ್ರ ಮಾರಿ-ಮುಖ ಇಲ್ಲದ ಮಷೀನಿಗೆ ಹೇಳಲಿ ಅಂದ್ಕೊಂಡೆ” ಎನ್ನುತ್ತಾರೆ ಚಂದ್ರಾಮ.

ರಾಚವ್ವ ಚಾಳಿನ ಹೆಂಗಸರನ್ನು ಕೂರಿಸಿಕೊಂಡು, ಹೆಸರು ಹಾಕದೆ, ನೋವು ನುಲಿತಗಳ ಮಾತನ್ನು ಫೋನಿನಲ್ಲಿ ಹಿಡಿದರು. ವೈಶಾಲಿ ಒಂದೊಂದೇ ವಾಕ್ಯ ಕತ್ತರಿಸಿ ಎದುರಿಗೆ ಮರಾಠಿ ಬರೆದಳು. “ಮೇರೆಕೋ ಕನ್ನಡ ಸಮಜ್ತಾ ಹೈ, ಮಾತಾಡ್ಲಿಕ್ಕೆ ಸ್ವಲ್ಪ ಅಟಕ್ ಆಗ್ತದೆ” ಎನ್ನುವ ಹುಡುಗಿ ಅವಳು. ಅತ್ತೆಗಾಗಿ ಎರಡು ರಜೆ ಕಳೆದಳು. ಪರದೆ ಮೇಲಿನ ತಪ್ಪಿನ ಅಂಕಿ ದಿನದಿನಕ್ಕೂ ಇಳಿಯಿತು. ಖುಷಿಯೋ ಖುಷಿ! ಫೋನು ಹಿಡಿದು ದಾನವ್ವ ಒಬ್ಬರೇ ಡಾಕ್ಟರ ಕೋಣೆಗೆ ಹೋದರು.

ಐದು ನಿಮಿಷಕ್ಕೆ ಹೊರಗೆ ಬಂದರು. ಕೈಯಲ್ಲಿ ಟಾನಿಕ್ ಚೀಟಿ.

ಆದದ್ದಿಷ್ಟು. ಏನಾಗುತ್ತದೆ ಎಂದು ಡಾಕ್ಟರು ಕೇಳಿದರು. ದಾನವ್ವ, “ಏನಿಲ್ರಿ, ಆರಾಮ ಅದೀನ್ರಿ” ಅಂದರು. ಯಂತ್ರ ಅದನ್ನೇ ಶುದ್ಧ ಮರಾಠಿಯಲ್ಲಿ ಒಪ್ಪಿಸಿತು. ಆರಾಮ ಇದ್ದವರಿಗೆ ಡಾಕ್ಟರು ಇನ್ನೇನು ಕೊಟ್ಟಾರು? ಹೊರಗಿನ ಸಾಲು ಬೇರೆ ಉದ್ದ ಇತ್ತು.

“ಊಟ ಸೇರಲಿಲ್ರಿ ನನಗ” ಎನ್ನುತ್ತಾರೆ ಚಂದ್ರಾಮ. “ಅಕ್ಕ ಒಣಗಿ ಹೊಂಟಾಳ, ನನ್ನ ಮಷೀನ್ ಆರಾಮ ಅದಾಳ ಅಂತ ಹೇಳಿ ಬಂದೈತಿ.”

ದಾರಿ ತೋರಿಸಿದವರು ರಾಚವ್ವ. ರೊಟ್ಟಿ ಬಡಿಯುತ್ತಲೇ ಬೈದರಂತೆ. ನನ್ನ ಮುಂದೆಯೂ ಇನ್ನೊಮ್ಮೆ ಬೈದು ತೋರಿಸುತ್ತಾರೆ: “ನಮ್ಮ ಕಡೆ ಹೆಣ್ಮಕ್ಕಳು ಮೊದಲ್ನೇ ಮಾತಿಗೆ ನೋವು ಹೇಳ್ತಾರೇನ್ರಿ? ಮೊದಲ ಆರಾಮ ಅಂತಾರ. ಮತ್ತ ಅಂತ ಕೇಳಬೇಕು. ನಡಾ ಹಿಡಿದೈತಿ ಅಂತಾರ. ಇನ್ನೊಮ್ಮೆ ಮತ್ತ ಅನ್ನಬೇಕು. ಮೂರನೇದಕ್ಕ ಖರೇ ಮಾತು ಹೊರಗ ಬರ್ತೈತಿ. ಇಷ್ಟು ತಿಳೀಲಾರದ ಮಷೀನ್ ತಗೊಂಡು ಏನ ಮಾಡ್ತೀರಿ, ಬೆಂಕಿ ಹಚ್ರಿ ಅಂದೆ!”

ಬೆಂಕಿ ಹಚ್ಚಲಿಲ್ಲ. ಆದರೆ ವಾಕ್ಯ ವಾಕ್ಯವಾಗಿ ಕತ್ತರಿಸಿದ್ದನ್ನೆಲ್ಲ ಮತ್ತೆ ಇಡೀ ಮಾತುಕತೆಯಾಗಿ ಹೊಲಿಯಬೇಕಾಯಿತು. ಉದ್ದದ ಮಾತಿಗೆ ಕಾರ್ಡಿನ ಮೆಮೊರಿ ಸಾಲದೆ ಮಷೀನ್ ನಿಂತು ನಿಂತು ಹೋಯಿತು. ಚಂದ್ರಾಮ ಮಾಡೆಲ್ಲನ್ನು ಇನ್ನೂ ಚಿಕ್ಕದು ಮಾಡಿ, ಒಂದು ಸಲಕ್ಕೆ ಕೊಡುವ ಮಾತಿನ ತುತ್ತು ಚಿಕ್ಕದು ಮಾಡಿ, ಮೊದಲಿನಿಂದ ಉಣಿಸಿದರು. ಮೇ ತಿಂಗಳ ಸೆಖೆಯಲ್ಲಿ ಒಂದೇ ಖೋಲಿಯಲ್ಲಿ ಬೆಂಕಿಯಂಥ ಡಬ್ಬಿ. ಮನೆಮಂದಿ ಹೊರಗಿನ ಗ್ಯಾಲರಿಯಲ್ಲಿ ಮಲಗಿದರು, ಫ್ಯಾನು ಕಾರ್ಡಿಗೆ. ಯಾರೂ ಗೊಣಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲರೂ ಗೊಣಗಿದರು, ಯಾರೂ ಸ್ವಿಚ್ ಮುಟ್ಟಲಿಲ್ಲ.

ಈಗ ಯಂತ್ರ ಮೊದಲ ಮಾತಿಗೆ ಡಾಕ್ಟರಿಗೆ ಏನನ್ನೂ ತೋರಿಸುವುದಿಲ್ಲ. ಹೇಳುವವರ ಕಿವಿಗೆ ಇಯರ್‌ಫೋನಿನಲ್ಲಿ ರಾಚವ್ವನ ರೆಕಾರ್ಡಾದ ದನಿ “ಮತ್ತ?” ಎನ್ನುತ್ತದೆ. ಮೂರು ಸಲ. ಆಮೇಲೆ ಪೂರ್ತಿ ಮಾತು ಒಟ್ಟಿಗೆ ಮರಾಠಿಯಲ್ಲಿ ಪರದೆಗೆ ಬರುತ್ತದೆ.

ಎರಡನೇ ಸಲ ದಾನವ್ವ ಒಳಗೆ ಹೋದಾಗ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಹೊರಗೆ ಬೆಂಚಿನ ಮೇಲೆ ಚಂದ್ರಾಮ ಮನೆದೇವರಿಗೆಲ್ಲ ಹರಕೆ ಹೊತ್ತದ್ದೇ ಹೊತ್ತದ್ದು. ಕೊನೆಗೆ ಅಕ್ಕ ಬಂದರು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಂದು ಚೀಟಿಗಳ ಕಟ್ಟು. ಔಷಧಿ ಶುರುವಾಗಿ ಮೂರು ತಿಂಗಳಾಯಿತು. ಈಗ ಕೊಡ ಹೊತ್ತು ಮೆಟ್ಟಿಲು ಹತ್ತಿ ಬರುತ್ತಿರುವ, ನಲ್ಲಿಯ ಜಗಳದಲ್ಲಿ ಎಲ್ಲರಿಗಿಂತ ಜೋರು ದನಿಯ ಹೆಂಗಸು ಅವರೇ. ಅಂದು ಒಳಗೆ ಏನು ಹೇಳಿದಿರಿ ಅವ್ವಾ ಎಂದೆ. “ಆ ಮಷೀನಿಗೆ ಹೇಳೇನಿ. ನಿಮಗ್ಯಾಕ ಬೇಕು? ಚಾ ಕುಡೀರಿ” ಅಂದರು.

ಚಾಳಿನ ಇನ್ನಿಬ್ಬರು ಹೆಂಗಸರು ಫೋನು ಕೇಳಿ ಒಯ್ದಿದ್ದಾರೆ. ಅವರು ಕೇಳಿಕೊಂಡರೆಂದೇ ಮಷೀನ್ ಈಗ ಮಕ್ಕಳ ಕಾಯಿಲೆಯ ಮಾತನ್ನು ಕಲಿಯುತ್ತಿದೆ.

ಅಕ್ಕನಿಗೆ ಆಗಿದ್ದೇನು ಎಂದು ಚಂದ್ರಾಮರನ್ನೇ ಕೇಳುತ್ತೇನೆ. ಅವರು ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

“ನನಗ ಇವತ್ತಿಗೂ ಗೊತ್ತಿಲ್ರಿ. ಡಾಕ್ಟರ್ ಓದಿದ ಕೂಡ್ಲೇ ಅದು ಎಲ್ಲಾ ಮರೀತೈತಿ. ಅಳಸೂದು ಮೊದಲ ಕಲಿಸೇನಿ, ಮರಾಠಿ ಆಮ್ಯಾಲ.”