ಹಿತ್ತಲ ಮೆಟ್ಟಿಲ ಮೇಲೆ ನಾಲ್ಕು ಪ್ರಶ್ನೆ

ಆ ವರ್ಷ ಯುಗಾದಿ ಕಳೆದು ಎರಡು ವಾರವಾದ ಮೇಲೆ ನಮ್ಮ ಕನ್ನಡ ಕೂಟಕ್ಕೆ ಶಾಲೆಯ ಹಾಲ್ ಸಿಕ್ಕಿತು. ಸಿಕ್ಕಿದ್ದು ಶನಿವಾರಕ್ಕೆ. ಮರುದಿನ ಭಾನುವಾರ ಅತ್ತೆಯ ಮನೆಯಲ್ಲಿ ಪಾಸೋವರ್ ಅಡುಗೆ, ಸೋಮವಾರ ಸಂಜೆ ಹಬ್ಬ. ಎರಡು ಹಬ್ಬಗಳ ನಡುವೆ ಇರುವವಳು ಒಬ್ಬಳೇ, ಅವಳಿಗಿರುವುದು ಎರಡೇ ಕೈ ಎಂದು ನಮ್ಮ ಪಂಚಾಂಗದವರಿಗೂ ಹೊಳೆದಿರಲಿಲ್ಲ, ಯಹೂದಿಗಳ ಪಂಚಾಂಗದವರಿಗೂ ಹೊಳೆದಿರಲಿಲ್ಲ.

ನಾನು ಮೈಸೂರಿನವಳು. ಗಂಡ ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಯಹೂದಿ. ನಮ್ಮ ಮನೆ ಪಶ್ಚಿಮಕ್ಕೆ, ಗ್ರೀನ್‌ಫರ್ಡ್‌ನಲ್ಲಿ. ಅತ್ತೆಯ ಮನೆ ಪೂರ್ವಕ್ಕೆ, ಇಲ್ಫರ್ಡ್ ಕಡೆ. ಮದುವೆಯಾಗುವಾಗ ನಾನು ಮತ ಬದಲಿಸಲಿಲ್ಲ. ಬದಲಿಸು ಎಂದು ಯಾರೂ ಕೇಳಲೂ ಇಲ್ಲ. ಅದು ಅವರ ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಮಗಳು ಹುಟ್ಟಿದ ಮೇಲೆ ತಿಳಿಯಿತು: ಅವರ ಕಟ್ಟಳೆಯಲ್ಲಿ ಮಗು ತಾಯಿಯ ಕಡೆಗೆ ಸೇರುತ್ತದಂತೆ. ಅಂದರೆ ನನ್ನ ಮಗಳು ಅವರವಳಲ್ಲ. ಇದನ್ನು ಬಾಯಿ ಬಿಟ್ಟು ಹೇಳಿದವರು ಭಾವ ಒಬ್ಬರೇ, ಗಂಡನ ಅಣ್ಣ. ಉಳಿದವರು ಹೇಳದೆ ಸುಮ್ಮನಿದ್ದರು, ಅಷ್ಟೇ ವ್ಯತ್ಯಾಸ.

ಪಾಸೋವರ್‌ನ ಮೊದಲ ರಾತ್ರಿ ಎಲ್ಲರೂ ಮೇಜಿನ ಸುತ್ತ ಕೂತು ಪೂರ್ವಿಕರು ಗುಲಾಮಗಿರಿಯಿಂದ ಬಿಡುಗಡೆಯಾದ ಕತೆ ಓದುತ್ತಾರೆ. ಓದು ಶುರುವಾಗುವುದೇ ಮನೆಯ ಅತಿ ಚಿಕ್ಕ ಮಗುವಿನಿಂದ. ಇವತ್ತು ಯಾಕೆ ಒಣ ರೊಟ್ಟಿ, ಯಾಕೆ ಕಹಿ ಸೊಪ್ಪು ಎಂದು ಅದು ಹೀಬ್ರೂ ಭಾಷೆಯಲ್ಲಿ ನಾಲ್ಕು ಪ್ರಶ್ನೆ ಕೇಳಬೇಕು. ಆ ಮನೆಯ ಅತಿ ಚಿಕ್ಕ ಮಗು ನನ್ನ ಮಗಳು. ಹಿಂದಿನ ವರ್ಷ ಅವಳ ಪಕ್ಕದಲ್ಲೇ ಕೂತಿದ್ದ ಭಾವನ ಮಗ ಎದ್ದು ಕೇಳಿದ್ದ, ಅವಳಿಗಿಂತ ಮೂರು ವರ್ಷಕ್ಕೆ ದೊಡ್ಡವನು. ಇವಳು ತಟ್ಟೆ ನೋಡಿಕೊಂಡು ಕೂತಿದ್ದಳು. ಅದಾದ ಮೇಲೆ ಚಳಿಗಾಲ ಪೂರ್ತಿ ಅಪ್ಪ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟ ಪ್ರಶ್ನೆಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಈ ಸಲ ಯಾರು ಕೇಳುವುದು ಎಂಬುದನ್ನು ಅತ್ತೆಯೇ ತೀರ್ಮಾನಿಸಬೇಕಿತ್ತು, ಮನೆ ಅವರದು, ಮೇಜು ಅವರದು. ಫೋನಿನಲ್ಲಿ ಎರಡು ಸಲ ಆ ಮಾತು ತೆಗೆದೆ. ಎರಡು ಸಲವೂ ಅವರು ಕೋಳಿಯ ವಿಷಯ ಮಾತಾಡಿದರು.

ಶುಕ್ರವಾರ ಪಾರ್ಕ್ ರಾಯಲ್‌ನ ಕೆಲಸ ಮುಗಿಸಿ ಬಂದವಳು ಒಬ್ಬಟ್ಟಿಗೆ ಕೂತೆ. ಕಾರ್ಖಾನೆಯಲ್ಲಿ ನನ್ನದು ವಿಚಿತ್ರ ಕೆಲಸ. ಊಟದ ಪೊಟ್ಟಣಗಳ ಮೇಲೆ ‘ಇದರಲ್ಲಿ ಗೋಧಿಯಿದೆ’ ಎಂದು ಸರಿಯಾಗಿ ಅಚ್ಚಾಗಿದೆಯೋ ಇಲ್ಲವೋ ನೋಡುವುದು. ಮನೆಗೆ ಬಂದರೆ ಮೊಣಕೈವರೆಗೆ ಮೈದಾ. ಕನಕ ನಾದಿ, ಹೂರಣ ರುಬ್ಬಿ, ಶನಿವಾರ ಬೆಳಿಗ್ಗೆ ಎದ್ದು ತಟ್ಟಿ ಬೇಯಿಸಿದೆ. ಹಾಲಿಗೆ ಹೊತ್ತುಕೊಂಡು ಹೋದರೆ ಧಾರವಾಡದ ಕಡೆಯ ಅಕ್ಕ ಒಬ್ಬರು ಡಬ್ಬಿ ಮುಚ್ಚಳ ತೆಗೆದು, “ಹೋಳಿಗಿ ಭಾಳ ದಪ್ಪ ಆಗ್ಯಾವ ನೋಡ್ರಿ” ಎಂದರು. ಅದು ಹೋಳಿಗೆಯಲ್ಲ, ಒಬ್ಬಟ್ಟು ಎಂದು ಬೆಂಗಳೂರಿನವರು ನನ್ನ ಪರವಾಗಿ ಜಗಳಕ್ಕೆ ನಿಂತರು. ನನಗೆ ನಿಲ್ಲುವ ತ್ರಾಣವೂ ಇರಲಿಲ್ಲ. ಮಕ್ಕಳ ಕುಣಿತ, ಭಾಷಣ, ಊಟ ಎಲ್ಲ ಮುಗಿದು, ಹಾಲ್ ಗುಡಿಸಿ, ಕುರ್ಚಿ ಪೇರಿಸಿ ಮನೆಗೆ ಬಂದಾಗ ಕಾಲು ಯಾರದೋ ಅನ್ನುವಂತಾಗಿತ್ತು.

ಭಾನುವಾರ ಗಂಡ ಕಾರು ತೆಗೆದುಕೊಂಡು ಅಣ್ಣನ ಮನೆಯಿಂದ ಮಡಚುವ ಕುರ್ಚಿ ತರಲು ಹೋದ. ನಾನು ಮಗಳನ್ನು ಕರೆದುಕೊಂಡು ಟ್ಯೂಬ್ ಹತ್ತಿದೆ. ವಾರಾಂತ್ಯದ ದುರಸ್ತಿ ಅಂತ ಅರ್ಧ ದಾರಿಗೆ ರೈಲಿಲ್ಲ, ಬದಲಿ ಬಸ್ಸು. ಬಸ್ಸಿನಲ್ಲಿ ಮಗಳು ಪ್ರಶ್ನೆಗಳನ್ನು ಗುನುಗುತ್ತಿದ್ದಳು. ಎದುರಿಗಿದ್ದ ಮುದುಕ ಅವಳನ್ನು ನೋಡಿ ನಕ್ಕ.

ಅತ್ತೆಯ ಅಡುಗೆಮನೆ ಆ ಹೊತ್ತಿಗೆ ಹಬ್ಬಕ್ಕೆ ಬದಲಾಗಿಬಿಟ್ಟಿತ್ತು. ಕಟ್ಟೆಗೆಲ್ಲ ಬೆಳ್ಳಿ ಬಣ್ಣದ ಹಾಳೆ ಹೊದಿಸಿ, ದಿನಬಳಕೆಯ ಪಾತ್ರೆ ಬೀರುವಿನಲ್ಲಿಟ್ಟು ಬಾಗಿಲಿಗೆ ಟೇಪ್ ಅಂಟಿಸಿ, ಅಟ್ಟದಿಂದ ಹಬ್ಬದ ಪಾತ್ರೆ ಇಳಿಸಿದ್ದರು. ಹಬ್ಬದ ಒಣ ರೊಟ್ಟಿಯೊಂದು ಬಿಟ್ಟು ಬ್ರೆಡ್ಡು, ಬಿಸ್ಕತ್ತು, ಗೋಧಿಯ ಒಂದು ಚೂರೂ ಒಳಗೆ ಬರುವ ಹಾಗಿಲ್ಲ. ಬೇರೆ ಸೊಸೆಯಾದರೆ ಗಾಬರಿಯಾಗುತ್ತಿದ್ದಳೋ ಏನೋ, ಮಡಿಬಟ್ಟೆ ಮುಟ್ಟಿದ್ದಕ್ಕೆ ನಮ್ಮಜ್ಜಿಯಿಂದ ಬೈಸಿಕೊಂಡು ಬೆಳೆದ ನನಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ಬಾಗಿಲಲ್ಲೇ ಕೈ ತೊಳೆದು, ಬೇರೆ ಏಪ್ರನ್ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದೆ. ಅತ್ತೆಗೆ ನನ್ನಲ್ಲಿ ಮೆಚ್ಚುಗೆಯಾದದ್ದು ಇದೊಂದೇ ಎಂದು ನನ್ನ ಅನುಮಾನ. ಹಿರಿ ಸೊಸೆ ಹುಟ್ಟಾ ಯಹೂದಿ, ಆದರೆ ಅವಳನ್ನು ಅವರು ಆ ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಸೇಬು ಹೆಚ್ಚಿದೆ, ಅಕ್ರೋಟು ಕುಟ್ಟಿದೆ, ರಾಶಿ ಮೊಟ್ಟೆ ಬೇಯಿಸಿದೆ. ಅತ್ತೆ ಕೋಳಿಯ ಸಾರಿನ ಮುಂದೆ ನಿಂತು ನೊರೆ ತೆಗೆಯುತ್ತಿದ್ದರು. ಆ ವಾಸನೆಗೆ ನನಗೆ ಇವತ್ತಿಗೂ ಹೊಂದಿಕೆಯಿಲ್ಲ, ಬಾಯಲ್ಲಿ ಉಸಿರಾಡುತ್ತ ಕೆಲಸ ಮಾಡುತ್ತಿದ್ದೆ. ನೆರೆಯವರು ಒಬ್ಬರಾದ ಮೇಲೊಬ್ಬರು ಬಂದು ಹಬ್ಬದ ಶುಭ ಹೇಳಿ, ಚಹಾ ಕುಡಿದು, ಇನ್ನೊಂದಿಷ್ಟು ಲೋಟ ತೊಳೆಯಲು ಬಿಟ್ಟು ಹೋದರು. ಅಷ್ಟು ಹೊತ್ತಿಗೆ ಮಗಳು ಬ್ಯಾಗಿನಿಂದ ಬಣ್ಣದ ಪೆನ್ಸಿಲ್ ತೆಗೆಯಲು ಹೋಗಿ ಒಂದು ಡಬ್ಬಿ ತೆಗೆದು ಬೆಳ್ಳಿ ಹಾಳೆಯ ಮೇಲಿಟ್ಟಳು. ತುಪ್ಪ ಸೋರುತ್ತಿದ್ದ ಪ್ಲಾಸ್ಟಿಕ್ ಡಬ್ಬಿ. ದಪ್ಪ ಎಂದು ಕೊಂಕು ತೆಗೆದಿದ್ದ ಧಾರವಾಡದ ಅಕ್ಕ ಹೋಗುವಾಗ, ‘ಮಗುವಿಗೆ ಇರಲಿ’ ಎಂದು ನಾಲ್ಕು ಒಬ್ಬಟ್ಟು ಕಟ್ಟಿ ಅವಳ ಬ್ಯಾಗಿಗೆ ತುರುಕಿದ್ದರು. ನಮ್ಮವರು ಯಾರನ್ನೂ ಬರಿಗೈಯಲ್ಲಿ ಕಳಿಸುವವರಲ್ಲವಲ್ಲ.

ಅತ್ತೆ ಎರಡು ದಿನ ಉಜ್ಜಿದ ಕಟ್ಟೆಯ ಮೇಲೆ ಮೈದಾ. ಅದೂ ಇವಳ ಕೈಯಿಂದ, ಅದೂ ಈ ವರ್ಷ. ಭಾವನ ಕಿವಿಗೆ ಬಿದ್ದರೆ ಅವರಿಗೆ ಬೇರೆ ಕಾರಣವೇ ಬೇಡ ಅನ್ನಿಸಿತು.

ಅತ್ತೆ ಸೌಟು ಕೆಳಗಿಟ್ಟರು. ಡಬ್ಬಿಯನ್ನು ಮೂಸಿದರು. “ಏಲಕ್ಕಿ” ಎಂದರು. ಆಮೇಲೆ ಕಟ್ಟೆಯ ಮೇಲಿನ ಹಾಳೆಯನ್ನು ಕಿತ್ತು ಕಸಕ್ಕೆ ಹಾಕಿ, “ಹೊಸದು ಹಾಸು” ಎಂದು ನನಗೆ ಹೇಳಿ, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದು ಹಿತ್ತಲಿಗೆ ಹೋದರು. ಗೋಧಿಯದನ್ನು ನಾಳೆ ಬೆಳಿಗ್ಗೆಯವರೆಗೆ ತಿನ್ನಬಹುದು, ಮನೆಯೊಳಗೆ ಬೇಡ, ಅಷ್ಟೇ. ನಿನ್ನೆಯಿಂದ ಬರೀ ಆಲೂಗಡ್ಡೆ ತಿಂದು ಸಾಕಾಗಿದೆ ಎಂದು ಅವರು ಹೇಳಿದ್ದು ಕೇಳಿಸಿತು.

ನಾನು ಕಿಟಕಿಯ ಬಳಿ ನಿಂತು ಹಬ್ಬದ ಕಹಿಗೆಂದು ಹಾರ್ಸ್‌ರ‍್ಯಾಡಿಷ್ ಬೇರು ತುರಿಯುತ್ತಿದ್ದೆ. ಮೂಗಿನಿಂದ ನೆತ್ತಿಗೇರುವ ಘಾಟು, ಕಣ್ಣಲ್ಲಿ ಧಾರಾಕಾರ ನೀರು. ಹೊರಗೆ ಹಿತ್ತಲ ಮೆಟ್ಟಿಲ ಮೇಲೆ ಅಜ್ಜಿ ಮೊಮ್ಮಗಳು ಒಬ್ಬಟ್ಟು ತಿನ್ನುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮಗಳು ಎದ್ದು ನಿಂತು, ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಂಡವಳಂತೆ ಫ್ರಾಕು ಎಳೆದುಕೊಂಡು, ನಾಲ್ಕೂ ಪ್ರಶ್ನೆಗಳನ್ನು ಎಲ್ಲೂ ತಡವರಿಸದೆ ಹೇಳಿದಳು. ಅತ್ತೆ ಒಂದೊಂದಕ್ಕೂ ಏನೋ ಉತ್ತರ ಹೇಳುತ್ತಿದ್ದರು, ಅವಳ ಬೆರಳಿನ ತುಪ್ಪ ಒರೆಸುತ್ತ. ಅಂತೂ ನಾಳೆ ಕೇಳುವವಳು ಇವಳೇ ಎಂದು ತೀರ್ಮಾನವಾಯಿತು ಎಂದುಕೊಂಡೆ. ಎಷ್ಟು ಸಂತೋಷವಾಯಿತೆಂದರೆ ಇನ್ನೆರಡು ಬೇರು ಬೇಕಾದರೂ ತುರಿಯುತ್ತಿದ್ದೆ.

ಕುರ್ಚಿ ತಂದಿದ್ದ ಗಂಡ ಮೇಜು ಜೋಡಿಸಲು ಅಲ್ಲೇ ಉಳಿದ. ಸೋಮವಾರ ಬೆಳಿಗ್ಗೆ ನನಗೆ ಕೆಲಸ, ಸಂಜೆಯ ಟ್ಯೂಬಿಗೆ ಮಗಳ ಜೊತೆ ಹೊರಟೆ. ಸೀಟು ಸಿಕ್ಕಿ ಕೂತ ಮೇಲೆ, “ತುಂಬಾ ಚೆನ್ನಾಗಿ ಹೇಳ್ದೆ ಪುಟ್ಟಾ. ನಾಳೆನೂ ಹಾಗೇ ಹೇಳು” ಎಂದೆ.

ಮಗಳು ನನ್ನ ಕನ್ನಡಕ್ಕೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವತ್ತೂ ಹಾಗೇ ಹೇಳಿದಳು, ನಾಳೆ ನಾನು ಹೇಳುವುದಿಲ್ಲ ಎಂದು. “ನಾಳೆ ದೊಡ್ಡಪ್ಪನ ಮಗನಿಗೆ ಬಿಟ್ಟುಕೊಡ್ತೀಯಾ? ನೀನು ನನ್ನ ಹತ್ತಿರ ಇವತ್ತೇ ಕೇಳಿಬಿಡು” ಎಂದಿದ್ದರಂತೆ ಅಜ್ಜಿ. ಇಲ್ಲದಿದ್ದರೆ ದೊಡ್ಡಪ್ಪ ಎದ್ದು ಹೋಗುತ್ತಾರಂತೆ. ಅಜ್ಜಿಗೆ ತಮ್ಮ ಇಬ್ಬರು ಗಂಡುಮಕ್ಕಳೂ ಮೇಜಿನಲ್ಲಿರಬೇಕಂತೆ.

“ನೀನೇನಂದೆ?”

“ಓಕೆ ಅಂದೆ.”

“ಯಾಕೆ ಹಾಗಂದೆ?”

“ಅಜ್ಜಿ ಪ್ಲೀಸ್ ಅಂದರು.” ಸ್ವಲ್ಪ ಯೋಚಿಸಿ ಸೇರಿಸಿದಳು, “ನಿನಗೆ ಈಗಲೇ ಹೇಳಬೇಡ ಅಂದರು. ನೀನು ತುಂಬಾ ಸುಸ್ತಾಗಿದ್ದೀಯಂತೆ.”

ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಡೀ ದಿನ ನನ್ನ ಕೈಲಿ ದುಡಿಸಿಕೊಂಡು, ಕೊನೆಗೆ ಏಳು ವರ್ಷದ ಮಗುವಿನ ಹತ್ತಿರ ಬಿಟ್ಟುಕೊಡಿಸಿಕೊಂಡರಲ್ಲ. ಐವತ್ತರ ಮಗನಿಗೆ ಹೇಳಲಾರದ್ದನ್ನು ಈ ಮಗುವಿಗೆ ಹೇಳಿದರಲ್ಲ. ಹಿತ್ತಲಲ್ಲಿ ಅವಳ ಬೆರಳು ಒರೆಸುತ್ತಿದ್ದ ಆ ಮುದಿ ಕೈಗಳೂ ಕಣ್ಣ ಮುಂದೆ ಬಂದು, ಸಿಟ್ಟನ್ನೂ ನೆಮ್ಮದಿಯಾಗಿ ಮಾಡಿಕೊಳ್ಳಲು ಆಗಲಿಲ್ಲ. ನಾಳೆ ಹೋಗುವುದೇ ಬೇಡ ಎಂದೆ. ಮಗಳು ಒಪ್ಪಲಿಲ್ಲ. ಮಾತು ಕೊಟ್ಟಿದ್ದೇನೆ ಎಂದಳು.

ಹೋದೆವು. ಸೋಮವಾರ ಸಂಜೆ ಭಾವನ ಮಗ ಎದ್ದು ನಿಂತ. ಮೊದಲ ಪ್ರಶ್ನೆ ಸರಾಗವಾಗಿ ಹೋಯಿತು, ಎರಡನೆಯದರಲ್ಲಿ ತಡವರಿಸಿ ನಿಂತುಬಿಟ್ಟ. ಭಾವ ಪುಸ್ತಕದಲ್ಲಿ ಜಾಗ ಹುಡುಕುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ತಲೆ ಎತ್ತದೆ, ಅವನಿಗಷ್ಟೇ ಕೇಳಲಿ ಎಂದು ಮೆಲ್ಲಗೆ ಮುಂದಿನ ಪದ ಎತ್ತಿಕೊಟ್ಟಳು. ಅದು ಇಡೀ ಮೇಜಿಗೆ ಕೇಳಿಸಿತು.