ಇರ್ಲಿ ಬಿಡ್ರಿ

ಆ ಶನಿವಾರ ಸಾರಿಗೆ ಉಪ್ಪು ಹಾಕುವುದನ್ನು ಅಂಜಿನಕ್ಕ ಮರೆತಿದ್ದಳು. ಗಂಡ ಯರ್ರೆಪ್ಪ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ಉಂಡ.

"ಸಪ್ಪಗೈತಿ ಅಂತ ಹೇಳಬಾರ್ದೇನ್ರಿ?"

"ಇರ್ಲಿ ಬಿಡು."

ಮೇಕೆ ಅವನ ಅಂಗಿಯ ತೋಳು ತಿಂದಾಗಲೂ ಅದೇ ಮಾತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ, "ಇರ್ಲಿ ಬಿಡ್ರಿ."

ಗುಡೇಕೋಟೆಯ ಕಲ್ಲುಗುಡ್ಡಗಳ ಹುಚ್ಚು ಅವನಿಗೆ ಸಣ್ಣಂದಿನಿಂದ. ಯಾವ ಗವಿಯಲ್ಲಿ ಕರಡಿ ಮರಿ ಹಾಕಿದೆ, ಯಾವ ಬಂಡೆಗೆ ಹೆಜ್ಜೇನು ಕಟ್ಟಿದೆ, ಎಲ್ಲ ಗೊತ್ತು. ಕೂಲಿಗೆ ಕರೆದ ದಿನ ಗುಡ್ಡದಲ್ಲಿರುತ್ತಿದ್ದ. ಊರವರು ಕರಡಿ ಯರ್ರೆಪ್ಪ ಎನ್ನುತ್ತಿದ್ದರು. ತೊಂಬತ್ತೆಂಟರಲ್ಲಿ ಬೆಂಗಳೂರಿನಿಂದ ಬಂಡೆ ಹತ್ತಿಸುವ ಶಿಬಿರದವರು ಬಂದರು. ಅವನು ಬರಿಗಾಲಲ್ಲಿ ಹತ್ತುವುದನ್ನು ನೋಡಿ ಕೆಲಸಕ್ಕೆ ಇಟ್ಟುಕೊಂಡರು. ಎರಡು ವರ್ಷ ಹಂಗಾಮಿ. ನಾಳೆ ಭಾನುವಾರ ಹೊಸ ಬಂಡೆಯೊಂದನ್ನು ಹತ್ತಿ ತೋರಿಸಿದರೆ ಕಾಯಂ.

"ಗುಡ್ಡ ಸುತ್ತೋರಿಗೆ ಪಗಾರ ಅಂದ್ರ, ಆ ಕರಡಿಗೂ ಕೊಡ್ಬೇಕಲ್ರಿ," ಎಂದಳು ಅಂಜಿನಕ್ಕ.

"ಅದಕ್ಕ ಸಹಿ ಬರಂಗಿಲ್ಲ ಲೇ. ನಂಗ ಬರ್ತೈತಿ."

ಸಹಿ ಮಾಡುವುದನ್ನು ಅವನು ಆ ವಾರವೇ ಕಲಿತಿದ್ದ. ಅವಳು ನಕ್ಕಳು.

ಯರ್ರೆಪ್ಪ ಬಂಡೆಗೆ ಜೋತು ಜೇನು ಇಳಿಸುವಾಗ ಮೇಲೆ ಹಗ್ಗ ಹಿಡಿಯುತ್ತಿದ್ದವನು ಅಂಜಿನಕ್ಕನ ಅಣ್ಣ ಮಂಜಣ್ಣ. ಆ ಹಗ್ಗವೆಂದರೆ ತಂಗಿಯ ತಾಳಿ, ಅಣ್ಣನೇ ಹಿಡಿಯಬೇಕು. ಹುಳ ಮುತ್ತಿರುವಾಗ ಬಾಯಿ ತೆರೆಯುವಂತಿಲ್ಲ. ಒಂದು ಸಲ ಜಗ್ಗಿದರೆ ಹಿಡಿ, ಮೂರು ಸಲ ಜಗ್ಗಿದರೆ ಬಿಡು. ಶಿಬಿರದಲ್ಲಿ ಎಲ್ಲ ಬಾಯಿಮಾತು. ಕೆಳಗೆ ನಿಂತು ಹಗ್ಗ ಹಿಡಿಯುವವರು ಸಾಹೇಬರು. ಅವರಿಗೆ ಕನ್ನಡ ಅರೆಬರೆ.

ಭಾನುವಾರ ಮಂಜಣ್ಣ ಶಿಬಿರದ ಸಾಮಾನು ಹೊತ್ತು ಹೋಗಿದ್ದ. ಕಂಡದ್ದನ್ನು ಅವನೇ ಹೇಳಿದ. ಯರ್ರೆಪ್ಪ ಐದಾಳೆತ್ತರ ಹತ್ತಿ, ಕೈಯಗಲದ ಅಂಚಿನ ಮೇಲೆ ನಿಂತ.

"ಸುಸ್ತಾಯ್ತಾ ಯರ್ರೆಪ್ಪ? ಇಳಿಸಬೇಕಾ?" ಸಾಹೇಬರು ಕೂಗಿದರು.

"ಇರ್ಲಿ ಬಿಡ್ರಿ ಸಾರ್."

ಸಾಹೇಬರ ಕಿವಿಗೆ ಬಿದ್ದದ್ದು ಬಿಡ್ರಿ ಮಾತ್ರ. ಮೇಲೆ ಗಟ್ಟಿಯಾಗಿ ನಿಂತಿದ್ದಾನೆ, ಹಗ್ಗ ಬೇಡವಂತೆ ಅಂದುಕೊಂಡರು. ಬಿಟ್ಟರು. ಮಂಜಣ್ಣ ಬಾಯಿ ತೆರೆಯುವಷ್ಟರಲ್ಲಿ ಯರ್ರೆಪ್ಪ ದಣಿವಾರಿಸಿಕೊಳ್ಳಲು ಹಗ್ಗದ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲಿದ್ದ.

ಜೀಪು ಕೂಡ್ಲಿಗಿ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ತಲೆಗೆ ಆಸರೆ ಅಂತ ಆ ಹಗ್ಗವನ್ನೇ ಸಿಂಬಿ ಸುತ್ತಿ ಇಟ್ಟಿದ್ದರು. ಹೆಣದ ಜೊತೆ ಅದೂ ಮನೆಗೆ ಬಂತು. ಒಂದು ಎಳೆಯೂ ಕಿತ್ತಿರಲಿಲ್ಲ.

ಹನ್ನೊಂದನೆಯ ದಿನ ಸಾಹೇಬರು ಬಂದು ಕೈಮುಗಿದು ನಿಂತರು.

"ಅವರೇ ಬಿಡ್ರಿ ಅಂದ್ರು ಅಮ್ಮ. ತಪ್ಪಾಯ್ತು."

"ಅಂದಿದ್ದು ಖರೆ ಐತ್ರಿ," ಎಂದಳು ಅಂಜಿನಕ್ಕ.

ಸಾಹೇಬರು ಕೈ ಇಳಿಸಲಿಲ್ಲ. ತಪ್ಪಾಯ್ತು ಅಂದವರಿಗೆ ಈ ಕಡೆ ಹೇಳುವ ಮಾತು ಒಂದೇ. ಕೂತವರೆಲ್ಲ ಅವಳ ಬಾಯಿ ನೋಡಿದರು. ಪಕ್ಕದ ಮನೆಯ ನಾಗಕ್ಕ ಮೊಣಕೈಯಿಂದ ತಿವಿದಳು.

"ಅಂದ್ಬಿಡು ಯವ್ವಾ. ದೊಡ್ಡೋರು ನಿಂತಾರ."

ಅಂಜಿನಕ್ಕ ಅನ್ನಲಿಲ್ಲ. ಬಿಸಿಲೇರುವವರೆಗೆ ನಿಂತು, ಸಾಹೇಬರು ತಾವೇ ಕೈ ಇಳಿಸಿ ಹೋದರು.

ಹಗ್ಗವನ್ನು ಹಳ್ಳಕ್ಕೆ ಎಸೆದು ಬರುತ್ತೇನೆಂದು ಮಂಜಣ್ಣ ಎದ್ದ.

"ಹಗ್ಗ ಏನ್ ಮಾಡೈತಿ ಅಣ್ಣ?" ಎಂದು ಕಸಿದುಕೊಂಡಳು.

ಈಗಲೂ ಬೆಳಗಾದರೆ ಅದಕ್ಕೆ ಕೊಡ ಕಟ್ಟಿ ಬಾವಿಗೆ ಇಳಿಸುತ್ತಾಳೆ. ನಾ ಸೇದ್ತೀನಿ ಕೊಡು ಎಂದು ನಾಗಕ್ಕ ಕೈ ಚಾಚಿದರೆ ಕೊಡುವುದಿಲ್ಲ. ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಕೊಡ ಕಟ್ಟೆಯ ಮೇಲೆ ಕೂರುವವರೆಗೆ ಹಿಡಿದೇ ಇರುತ್ತಾಳೆ.